ಕೊಳವೆ ಬಾವಿ ಕೊರೆಯುವಿಕೆ: ಬಿಟ್ ಸವೆತ ಮತ್ತು ಹ್ಯಾಮರ್‌ಗೆ ಎಣ್ಣೆ ಪೂರೈಕೆ

(ಗದಗ ಜಿಲ್ಲೆಯ ರೈತರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

1. ಹಿನ್ನೆಲೆ
ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗಗಳಲ್ಲಿ ಮಣ್ಣಿನ ಪದರದ ಕೆಳಗೆ ನೈಸ್ ಮತ್ತು ಶಿಸ್ಟ್ ಜಾತಿಯ ಗಟ್ಟಿ ಶಿಲೆಗಳಿವೆ. ಕಪ್ಪತಗುಡ್ಡದ ಸಾಲಿನಲ್ಲಿ ಇವುಗಳ ನಡುವೆ ಬೆಣಚುಕಲ್ಲಿನ ಎಳೆಗಳು ಹಾದುಹೋಗಿವೆ. ಬೆಣಚುಕಲ್ಲು ಸಾಧಾರಣ ಉಕ್ಕನ್ನು ಸವೆಸುವಷ್ಟು ಗಟ್ಟಿಯಾಗಿರುವುದರಿಂದ ಉಕ್ಕಿನ ಬಿಟ್‌ನ ಮುಖಕ್ಕೆ ಟಂಗ್‌ಸ್ಟನ್ ಕಾರ್ಬೈಡ್ ಗುಂಡಿಗಳನ್ನು ಕೂಡಿಸಲಾಗಿರುತ್ತದೆ.

2. ಕಾರ್ಯವಿಧಾನ
ಹ್ಯಾಮರ್ ಬಿಟ್‌ನೊಂದಿಗೆ ರಂಧ್ರದೊಳಕ್ಕೆ ಇಳಿಯುತ್ತದೆ. ಕಂಪ್ರೆಸರ್‌ನ ಗಾಳಿಯು ಹ್ಯಾಮರ್‌ನೊಳಗಿನ ಪಿಸ್ಟನ್ನನ್ನು ಚಲಿಸಿ ಬಿಟ್‌ಗೆ ಹೊಡೆತ ನೀಡುತ್ತದೆ. ಅದೇ ಗಾಳಿಯು ಕಲ್ಲಿನ ಪುಡಿಯನ್ನು ಮೇಲಕ್ಕೆ ತರುತ್ತದೆ.

3. ಬಿಟ್ ಸವೆತ
ಅಂಚಿನ ಗುಂಡಿಗಳು ಸವೆದಂತೆ ಬಿಟ್‌ನ ವ್ಯಾಸ ಕಡಿಮೆಯಾಗಿ ರಂಧ್ರವು ಆಳಕ್ಕೆ ಹೋದಂತೆ ಕಿರಿದಾಗುತ್ತದೆ. ಆ ರಂಧ್ರಕ್ಕೆ ಪೂರ್ಣ ಅಳತೆಯ ಹೊಸ ಬಿಟ್ ಇಳಿಸಿದಲ್ಲಿ ಅದು ಸಿಕ್ಕಿಕೊಳ್ಳುವ ಸಂಭವವಿದೆ. ಆರೂವರೆ ಅಂಗುಲದ (ಸುಮಾರು 165 ಮಿ.ಮೀ.) ಬಿಟ್ ಅತಿಯಾಗಿ ಸವೆದಿದ್ದಲ್ಲಿ, 6 ಅಂಗುಲದ ಬಾವಿಗೆಂದು ಖರೀದಿಸಿದ ಪಂಪು ಸರಾಗವಾಗಿ ಇಳಿಯದೆ ಹೋಗಬಹುದು. ಅಡಿಯ ಲೆಕ್ಕದಲ್ಲಿ ಹಣ ಪಾವತಿಸಿದ ರೈತನಿಗೆ ಆಳ ದೊರೆತರೂ ಬಾವಿಯು ಉಪಯೋಗಕ್ಕೆ ಬಾರದು. ಗುಂಡಿಯ ತುದಿಯಲ್ಲಿನ ಚಪ್ಪಟೆ ಭಾಗವು ಗುಂಡಿಯ ವ್ಯಾಸದ ಮೂರನೇ ಒಂದು ಭಾಗವನ್ನು ತಲುಪುವ ಮೊದಲೇ ಅದನ್ನು ಸಾಣೆ ಹಿಡಿಯತಕ್ಕದ್ದು.

4. ಎಣ್ಣೆ ಪೂರೈಕೆ
ಪಿಸ್ಟನ್ ಮತ್ತು ಸಿಲಿಂಡರ್ ಎರಡೂ ಉಕ್ಕಿನವು. ಗಾಳಿಯೊಂದಿಗೆ ಎಣ್ಣೆ ಸತತವಾಗಿ ಹೋಗದಿದ್ದಲ್ಲಿ ಅವು ಬಿಸಿಯಾಗಿ ಗೀರು ಬೀಳುತ್ತವೆ, ಹೊಡೆತವು ಕುಂದುತ್ತದೆ. ಪುಡಿ ಎತ್ತಲು ಬಳಸುವ ನೊರೆಯು ಎಣ್ಣೆಗೆ ಪರ್ಯಾಯವಲ್ಲ. ನೀರು ಅಥವಾ ನೊರೆ ಬಿಟ್ಟಾಗ ಎಣ್ಣೆ ತೊಳೆದು ಹೋಗುವುದರಿಂದ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಲೋಹದ ಕಣಗಳಿರುತ್ತವೆ. ಅದು ಯಂತ್ರಕ್ಕೂ ಕುಡಿಯುವ ನೀರಿಗೂ ಹಾನಿಕರ.

5. ಬಾವಿ ಮಾಲೀಕರು ಗಮನಿಸಬೇಕಾದ ಅಂಶಗಳು
ಅ) ಕೆಲಸದ ಮೊದಲು ಹಾಗೂ ಕೊನೆಯಲ್ಲಿ ಬಿಟ್‌ನ ವ್ಯಾಸವನ್ನು ತಮ್ಮ ಎದುರಿನಲ್ಲಿಯೇ ಅಳೆಯಿಸಿ ಬರೆದಿಟ್ಟುಕೊಳ್ಳುವುದು.
ಆ) ಹ್ಯಾಮರ್ ಇಳಿಸುವ ಮೊದಲು ಅದರ ಕೆಳಗೆ ಒಂದು ಹಲಗೆ ಇಟ್ಟು ಗಾಳಿ ಬಿಡಿಸುವುದು. ಹಲಗೆಯ ಮೇಲೆ ಎಣ್ಣೆಯ ಪಸೆ ಕಾಣಬೇಕು.
ಇ) ಕೊನೆಯಲ್ಲಿ ತಿಳಿನೀರು ಬರುವವರೆಗೆ ಬಾವಿಯನ್ನು ಗಾಳಿಯಿಂದ ಶುಚಿಗೊಳಿಸುವುದು.
ಈ) ಬಿಟ್ ಸಿಕ್ಕಿ ಕೈಬಿಟ್ಟ ಬಾವಿಯನ್ನು ತೆರೆದಿಡಕೂಡದು. ಮಾನ್ಯ ಸರ್ವೋಚ್ಚ ನ್ಯಾಯಾಲಯದ 2010ರ ನಿರ್ದೇಶನಗಳಂತೆ ಅದನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು ಅಥವಾ ಕಲ್ಲಿನಿಂದ ತುಂಬತಕ್ಕದ್ದು. ಇದು ಮಕ್ಕಳ ಜೀವದ ಪ್ರಶ್ನೆಯಾಗಿರುತ್ತದೆ.

ಹೆಚ್ಚಿನ ಮಾಹಿತಿಗಾಗಿ ಜಿಲ್ಲೆಯ ಅಂತರ್ಜಲ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.