ರೂಪಾಯಿ–ರೂಬಲ್ ವ್ಯಾಪಾರ

ರೂಪಾಯಿ–ರೂಬಲ್ ವ್ಯಾಪಾರವು ಭಾರತ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಡಾಲರ್‌ನಂತಹ ವಿದೇಶಿ ವಿನಿಮಯವನ್ನು ಬಳಸದೆ, ಪರಸ್ಪರ ಲೆಕ್ಕ ಹೊಂದಾಣಿಕೆಯ ಮೂಲಕ ನಡೆದ ದ್ವಿಪಕ್ಷೀಯ ವ್ಯಾಪಾರ ವ್ಯವಸ್ಥೆ. 1953ರ ವಾಣಿಜ್ಯ ಒಪ್ಪಂದದಿಂದ ಆರಂಭಗೊಂಡ ಇದು 1990ರ ದಶಕದ ಆರಂಭದಲ್ಲಿ ಕೊನೆಗೊಂಡಿತು. ಕರ್ನಾಟಕದ ಕಾಫಿ ಹಾಗೂ ಹೊಗೆಸೊಪ್ಪಿನ ಮಾರುಕಟ್ಟೆಗಳ ಮೇಲೆ ಇದರ ಪ್ರಭಾವವಿತ್ತು. ಇದರಿಂದ ಭಾರತಕ್ಕೆ ಲಾಭವಾಯಿತೇ ಎಂಬುದು ಅರ್ಥಶಾಸ್ತ್ರಜ್ಞರ ನಡುವೆ ಚರ್ಚೆಗೆ ಒಳಗಾಗಿದೆ.

ಕಾರ್ಯವಿಧಾನ

ಉಭಯ ದೇಶಗಳು ಪ್ರತಿವರ್ಷ ಕೊಳ್ಳಬೇಕಾದ ಸರಕುಗಳ ಪಟ್ಟಿಯನ್ನು ಮೊದಲೇ ನಿಗದಿಪಡಿಸುತ್ತಿದ್ದವು. ಸೋವಿಯತ್ ಒಕ್ಕೂಟದಿಂದ ಕಚ್ಚಾತೈಲ, ಯಂತ್ರೋಪಕರಣ ಮತ್ತು ಶಸ್ತ್ರಾಸ್ತ್ರಗಳು ಬರುತ್ತಿದ್ದವು. ಭಾರತದಿಂದ ಚಹಾ, ಕಾಫಿ, ತಂಬಾಕು, ಜವಳಿ ಮತ್ತು ಚರ್ಮದ ಸರಕುಗಳು ಹೋಗುತ್ತಿದ್ದವು. ಭಾರತದ ರಫ್ತುದಾರರಿಗೆ ಹಣವು ರೂಪಾಯಿಗಳಲ್ಲೇ ಸಿಗುತ್ತಿತ್ತು. ಸೋವಿಯತ್ ಖಾತೆಯಲ್ಲಿ ಉಳಿದ ರೂಪಾಯಿಯನ್ನು ಭಾರತದ ಸರಕು ಕೊಳ್ಳಲು ಮಾತ್ರ ಬಳಸಬಹುದಾಗಿತ್ತು. 1978ರ ಒಪ್ಪಂದದಲ್ಲಿ ರೂಪಾಯಿ ಮತ್ತು ರೂಬಲ್‌ಗಳ ವಿನಿಮಯ ದರವನ್ನು ಹಲವು ಕರೆನ್ಸಿಗಳ ಗುಚ್ಛಕ್ಕೆ ಜೋಡಿಸಲಾಯಿತು.

ಕರ್ನಾಟಕದ ಮೇಲಿನ ಪರಿಣಾಮ

1980ರ ದಶಕದಲ್ಲಿ ಸೋವಿಯತ್ ಒಕ್ಕೂಟವು ಭಾರತದ ಕಾಫಿಯ ಅತಿ ದೊಡ್ಡ ಗ್ರಾಹಕನಾಗಿತ್ತು. ಕೊಡಗು, ಚಿಕ್ಕಮಗಳೂರು ಮತ್ತು ಹಾಸನದ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸುತ್ತಿದ್ದರು. ಸೋವಿಯತ್ ಒಕ್ಕೂಟವು ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಸದಸ್ಯನಾಗಿರಲಿಲ್ಲ. ಆದ್ದರಿಂದ ಅಲ್ಲಿಗೆ ಹೋದ ಕಾಫಿಯು ಭಾರತದ ರಫ್ತು ಕೋಟಾದಲ್ಲಿ ಸೇರುತ್ತಿರಲಿಲ್ಲ. ಕೋಟಾ ಮೀರಿದ ಬೆಳೆಗೂ ಗ್ರಾಹಕರು ದೊರೆಯುತ್ತಿದ್ದರು.

ಮೈಸೂರು ಜಿಲ್ಲೆಯ ಹುಣಸೂರು, ರಾವಂದೂರು ಹೋಬಳಿಯನ್ನು ಒಳಗೊಂಡ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಕೃಷ್ಣರಾಜನಗರ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವ ಪ್ರದೇಶಗಳು. ಇಲ್ಲಿ ಬ್ಯಾರನ್‌ಗಳಲ್ಲಿ ಹದಗೊಳಿಸಿದ ಎಲೆಯನ್ನು 1984ರಿಂದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಮಾರಲಾಗುತ್ತಿದೆ. ರೈತರು ಸೋವಿಯತ್ ಖರೀದಿದಾರರೊಂದಿಗೆ ನೇರವಾಗಿ ವ್ಯವಹರಿಸದಿದ್ದರೂ ರಫ್ತು ಬೇಡಿಕೆಯ ಏರಿಳಿತ ಹರಾಜಿನ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಲಾಭ–ನಷ್ಟಗಳ ಚರ್ಚೆ

ವಿದೇಶಿ ವಿನಿಮಯದ ಕೊರತೆಯಿದ್ದ ಕಾಲದಲ್ಲಿ ಡಾಲರ್ ವ್ಯಯಿಸದೆ ತೈಲ ಮತ್ತು ಯಂತ್ರಗಳು ದೊರೆತದ್ದು, ಕೃಷಿ ಉತ್ಪನ್ನಗಳಿಗೆ ಖಚಿತ ಮಾರುಕಟ್ಟೆ ಸಿಕ್ಕಿದ್ದು ಲಾಭವೆಂದು ಸಮರ್ಥಕರು ಹೇಳುತ್ತಾರೆ. ರೂಪಾಯಿಗೆ ಕೊಂಡ ಸರಕನ್ನು ಪಾಶ್ಚಾತ್ಯ ದೇಶಗಳಿಗೆ ಡಾಲರ್‌ಗೆ ಮರುಮಾರಾಟ ಮಾಡಲಾಗುತ್ತಿತ್ತೆಂಬ ಆರೋಪವನ್ನು ಟೀಕಾಕಾರರು ಮುಂದಿಡುತ್ತಾರೆ. ಸುಲಭ ಮಾರುಕಟ್ಟೆಯಿಂದಾಗಿ ಗುಣಮಟ್ಟ ಸುಧಾರಣೆಯ ಒತ್ತಡ ಕಡಿಮೆಯಾಯಿತೆಂಬ ವಾದವೂ ಇದೆ. ಭಾರತದ ರಫ್ತು ಆಮದಿಗಿಂತ ಹೆಚ್ಚಾದಾಗ ಅದು ಸೋವಿಯತ್ ಒಕ್ಕೂಟಕ್ಕೆ ನೀಡಿದ ಸಾಲದಂತಾಗುತ್ತಿತ್ತು. ಹೀಗಾಗಿ ನಿಜವಾದ ಲಾಭವು ಅದೇ ಸರಕಿಗೆ ಡಾಲರ್ ಕೊಡುವ ಬೇರೆ ಗ್ರಾಹಕರು ಇದ್ದರೇ ಎಂಬುದನ್ನು ಅವಲಂಬಿಸಿದೆ. ಇದ್ದಲ್ಲಿ ರೂಪಾಯಿ ಮಾರಾಟದಿಂದ ದೇಶವು ಡಾಲರ್ ಗಳಿಕೆಯನ್ನು ಕಳೆದುಕೊಂಡಿತು. ಇಲ್ಲದಿದ್ದಲ್ಲಿ ಮಾರಾಟವಾಗದೆ ಉಳಿಯಬಹುದಾಗಿದ್ದ ಬೆಳೆಗೆ ಬೆಲೆ ಬಂದಿತು.

ಅಂತ್ಯ ಮತ್ತು ನಂತರ

1990–91ರಲ್ಲಿ ಭಾರತದ ಒಟ್ಟು ರಫ್ತಿನ ಸುಮಾರು ಶೇ. 16ರಷ್ಟು ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. 1991ರಲ್ಲಿ ಒಕ್ಕೂಟವು ವಿಘಟನೆಗೊಂಡಾಗ ಈ ಮಾರುಕಟ್ಟೆ ಕುಸಿಯಿತು. ಇದೇ ಬಗೆಯ ವ್ಯಾಪಾರ ನಡೆಸುತ್ತಿದ್ದ ಪುಟ್ಟ ನೆರೆರಾಷ್ಟ್ರ ಫಿನ್‌ಲೆಂಡ್ ಕೂಡ 1990ರ ದಶಕದ ಆರಂಭದಲ್ಲಿ ತೀವ್ರ ಆರ್ಥಿಕ ಹಿಂಜರಿತಕ್ಕೆ ಒಳಗಾಯಿತು. ಸೋವಿಯತ್ ಮಾರುಕಟ್ಟೆಯ ನಷ್ಟವು ಅದರ ಕಾರಣಗಳಲ್ಲೊಂದು.

1993ರ ಜನವರಿಯಲ್ಲಿ ಬೋರಿಸ್ ಯೆಲ್ಟ್ಸಿನ್ ಅವರ ಭಾರತ ಭೇಟಿಯ ಸಂದರ್ಭದಲ್ಲಿ ಹಳೆಯ ಸಾಲದ ಮರುಪಾವತಿಯ ಕುರಿತು ಒಪ್ಪಂದವಾಯಿತು. ಭಾರತ ತೀರಿಸುವ ರೂಪಾಯಿಯಿಂದ ರಷ್ಯಾವು ಚಹಾ, ಕಾಫಿ, ತಂಬಾಕು ಮುಂತಾದ ಭಾರತೀಯ ಸರಕುಗಳನ್ನು ಕೊಳ್ಳುವ ವ್ಯವಸ್ಥೆ ಮುಂದುವರಿಯಿತು. ಕಾಫಿ ರಫ್ತು ಕ್ರಮೇಣ ಇಟಲಿ, ಜರ್ಮನಿ ಮೊದಲಾದ ದೇಶಗಳತ್ತ ಹೊರಳಿತು.

2022ರ ಜುಲೈನಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ವಿದೇಶಿ ವ್ಯಾಪಾರವನ್ನು ರೂಪಾಯಿಯಲ್ಲಿ ಇತ್ಯರ್ಥಪಡಿಸಲು ಹೊಸ ವ್ಯವಸ್ಥೆಯನ್ನು ಪ್ರಕಟಿಸಿತು. ಭಾರತದ ತೈಲ ಆಮದು ಹೆಚ್ಚಿದ್ದರಿಂದ ಈ ಬಾರಿ ಬಳಕೆಯಾಗದ ರೂಪಾಯಿ ಉಳಿದದ್ದು ರಷ್ಯಾದ ಕೈಯಲ್ಲಿ.