ಹಳೆಯ ಗಾಜಿನ ಸೀಸೆಗಳು: ಶುಚಿ ಮಾಡುವ ಕ್ರಮ

ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಆ ಕಡೆಯಿಂದ ಬಂದು ಈ ನಗರದಲ್ಲಿ ನೆಲೆಸಿದ ನಮ್ಮ ಅನೇಕ ಕುಟುಂಬಗಳ ಅಟ್ಟದ ಮೇಲೆ ಅತ್ತರಿನ ಕುಪ್ಪಿ, ಔಷಧದ ಸೀಸೆ, ಗೋಲಿ ಸೋಡಾ ಬಾಟಲಿಗಳು ಇಂದಿಗೂ ದೊರೆಯುವುದುಂಟು. ಇವನ್ನು ಸಂಗ್ರಹಿಸುವವರು ಮೊದಲು ಅರಿಯಬೇಕಾದ ಮಾತೊಂದಿದೆ: ಕೊಳೆಯನ್ನು ಎಂದಾದರೂ ತೆಗೆಯಬಹುದು, ಉಜ್ಜಿ ಕಳೆದುಕೊಂಡದ್ದು ಮರಳಿ ಬಾರದು.

ಮೊದಲು ಪರೀಕ್ಷೆ: ಅಚ್ಚಿನ ಗೆರೆ ಬಾಯಿಯ ಕೆಳಗೇ ನಿಂತಿದ್ದರೆ ಅದು ಸಾಮಾನ್ಯವಾಗಿ ಕೈಯಿಂದ ಬಾಯಿ ತಿದ್ದಿದ ಸೀಸೆ. ಅಮೆರಿಕದ ಮೈಕೆಲ್ ಓವೆನ್ಸ್ 1903ರಲ್ಲಿ ರೂಪಿಸಿದ ಸ್ವಯಂಚಾಲಿತ ಯಂತ್ರ ಬಳಕೆಗೆ ಬಂದ ಮೇಲೆ ಆ ಗೆರೆ ಬಾಯಿಯ ಅಂಚಿನವರೆಗೂ ಏರಿತು. ಕಾಗದದ ಚೀಟಿ ಅಥವಾ ಚಿನ್ನದ ಗೆರೆ ಇದ್ದರೆ ಸೀಸೆಯನ್ನು ನೀರಿನಲ್ಲಿ ನೆನೆಸಕೂಡದು. ಔಷಧದ ಸೀಸೆಯಲ್ಲಿ ಶೇಷವಿದ್ದರೆ ಮೂಸಿ ನೋಡಬಾರದು. ಹಿಂದಿನ ಔಷಧಗಳಲ್ಲಿ ಪಾದರಸ, ಶಂಖಪಾಷಾಣಗಳ ಬಳಕೆಯಿತ್ತು. ಕೈಗವಸು ಅವಶ್ಯ.

ತೊಳೆಯುವ ವಿಧಾನ: ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕೆಲವು ಹನಿ ಬೆರೆಸಿ ಒಂದು ರಾತ್ರಿ ನೆನೆಸಿಡಬೇಕು. ತಣ್ಣನೆಯ ಗಾಜಿಗೆ ಕುದಿಯುವ ನೀರು ಸುರಿದರೆ ಅದು ಬಿರಿಯುತ್ತದೆ. ಒಳಭಾಗಕ್ಕೆ ಬ್ರಷ್ ತಲುಪದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಮೆಲ್ಲಗೆ ಅಲುಗಿಸಿದರೆ ಸಾಕು. ಗೋಲಿ ಅಡ್ಡವಿರುವ ಸೋಡಾ ಬಾಟಲಿಗೂ ಈ ಉಪಾಯ ಒದಗುತ್ತದೆ. ಮರಳು ಗಾಜಿಗಿಂತ ಗಟ್ಟಿ. ಅದನ್ನು ಬಳಸಿದರೆ ಗೀರು ಬೀಳುವುದು.

ಬಿಳಿಯ ಮಬ್ಬು: ಕೊಳವೆಬಾವಿಯ ಗಡಸು ನೀರು ಒಣಗಿದಾಗ ಸುಣ್ಣದ ಪೊರೆ ಉಳಿಯುತ್ತದೆ. ಬಿಳಿ ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿದರೆ ಅದು ಕರಗುವುದು. ಒಂದು ದಿನ ಕಳೆದರೂ ಮಬ್ಬು ಕಿಂಚಿತ್ತೂ ಕುಗ್ಗದಿದ್ದರೆ ಅದು ಕೊಳೆಯಲ್ಲ, ತೇವದಿಂದ ಗಾಜೇ ಸವೆದ ಗುರುತು. ಅದನ್ನು ತೆಗೆಯಲು ತಾಮ್ರದ ಚೂರು, ನುಣುಪು ಪುಡಿಗಳೊಡನೆ ಯಂತ್ರದಲ್ಲಿ ಉರುಳಿಸುವ ಪದ್ಧತಿ ಉಂಟು. ಆದರೆ ಇದು ಮೇಲ್ಪದರವನ್ನೇ ಸವೆಸುತ್ತದೆ, ಉಬ್ಬಕ್ಷರಗಳೂ ಮೊಂಡಾಗುತ್ತವೆ. ಹೊಳಪು ಹೆಚ್ಚುವುದು, ಹಳಮೆ ಹೋಗುವುದು. ನೆಲದಲ್ಲಿ ಹೂತಿದ್ದ ಗಾಜಿನ ಮೇಲೆ ಕಾಣುವ ಕಾಮನಬಿಲ್ಲಿನ ಬಣ್ಣವೂ ಇಂಥದೇ ಸವೆತದ ಫಲ. ಅದನ್ನು ಹಾಗೆಯೇ ಬಿಡುವುದು ಲೇಸು. ಹೈಡ್ರೋಫ್ಲೋರಿಕ್ ಆಮ್ಲವನ್ನಂತೂ ಮನೆಗೆ ತರಲೇಬಾರದು, ಅದು ಪ್ರಾಣಾಂತಕ.

ಕಡೆಯಲ್ಲಿ, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಿಂದ ಜಾಲಾಡಿಸಿ, ನೆರಳಿನಲ್ಲಿ ಬೋರಲು ಹಾಕಿ ಪೂರ್ಣವಾಗಿ ಆರಿಸಬೇಕು. ಬಿರಡೆಯನ್ನು ಬಿಗಿಯಾಗಿ ಮುಚ್ಚಬಾರದು. ಒಳಗಿನ ತೇವವೇ ಮತ್ತೆ ಮಬ್ಬು ತರುತ್ತದೆ. ಮ್ಯಾಂಗನೀಸ್ ಬೆರೆತ ಹಳೆಯ ಗಾಜು ಬಹುಕಾಲ ಬಿಸಿಲು ಕಂಡರೆ ನೇರಳೆಗೆ ತಿರುಗುವುದರಿಂದ ಕಿಟಕಿಯ ಪಕ್ಕ ಇಡುವುದೂ ಸಲ್ಲದು.

ನನ್ನ ತಾಯಿಯವರ ಅತ್ತರಿನ ಕುಪ್ಪಿಯೊಂದರ ಕೊರಳಿಗೆ ಸುತ್ತಲೂ ಚಿನ್ನದ ಗೆರೆಯಿತ್ತು. ಪಾತ್ರೆ ತಿಕ್ಕುವ ಪುಡಿಯಿಂದ ನಾನು ಅದನ್ನು ಅರ್ಧ ಗಳಿಗೆಯಲ್ಲಿ ಅಳಿಸಿದೆ. ಕುಪ್ಪಿ ಥಳಥಳಿಸಿತು, ತಾಯಿಯವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಇದು ಯಾರದು ಎಂದು ಕೇಳಿದರು.

1951ರಲ್ಲಿ ಸಾರ್ವಜನಿಕರಿಗೆ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಗಾಜಿನ ವಸ್ತುಗಳನ್ನು ಒಮ್ಮೆ ನಿಧಾನವಾಗಿ ನೋಡಿ ಬಂದು, ಆಮೇಲೆ ಮನೆಯ ಸೀಸೆಗೆ ಕೈ ಹಚ್ಚುವುದು ಒಳಿತು.