ಎನ್‌ಎಚ್‌ಎಸ್ ಗಣಕೀಕರಣ: ಸಾರ್ವಜನಿಕ ಹಣ ಹರಿದ ದಾರಿ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಎನ್‌ಎಚ್‌ಎಸ್, 1948ರಿಂದ ಮುಖ್ಯವಾಗಿ ತೆರಿಗೆ ಹಣದಲ್ಲೇ ನಡೆಯುತ್ತಿದೆ. ಅಲ್ಲಿ ಕಂಪ್ಯೂಟರಿಗೆ ಮೀಸಲಿಟ್ಟ ಪ್ರತಿ ಪೌಂಡೂ ದಾದಿಯರ ಸಂಬಳ, ಔಷಧ, ಹಾಸಿಗೆಗಳ ಜತೆ ಪೈಪೋಟಿಗೆ ಇಳಿಯಲೇಬೇಕು. ಇಂಗ್ಲೆಂಡಿನ ನಾಲ್ಕು ದಶಕಗಳ ಅನುಭವ ನೋಡಿದರೆ, ಹಣ ಎಷ್ಟು ಎಂಬುದಕ್ಕಿಂತ ಅದು ಯಾರ ಕೈಗೆ ಹೋಯಿತು, ಎಷ್ಟು ಕಾಲ ನಿಲ್ಲದೆ ಬಂತು ಎಂಬುದೇ ಫಲವನ್ನು ನಿರ್ಧರಿಸಿದೆ.

ಮೊದಲು ಗಣಕೀಕರಣಗೊಂಡವು ಕುಟುಂಬ ವೈದ್ಯರ ಚಿಕಿತ್ಸಾಲಯಗಳು. 1982ರ ‘ಮೈಕ್ರೋಸ್ ಫಾರ್ ಜಿಪೀಸ್’ ಯೋಜನೆ ಇದಕ್ಕೆ ನಾಂದಿ ಹಾಡಿತು. 1990ರ ಬಳಿಕ, ವೈದ್ಯರು ತಾವೇ ಆರಿಸಿಕೊಂಡ ವ್ಯವಸ್ಥೆಯ ವೆಚ್ಚದಲ್ಲಿ ಒಂದು ಪಾಲನ್ನು ಸರ್ಕಾರ ಮರುಪಾವತಿಸತೊಡಗಿತು. ಬಳಸುವವರೇ ಆರಿಸಿದ್ದರಿಂದ ಬಳಕೆ ಬೇರೂರಿತು. ಆ ದಶಕ ಮುಗಿಯುವಷ್ಟರಲ್ಲಿ ಬಹುಪಾಲು ಚಿಕಿತ್ಸಾಲಯಗಳಲ್ಲಿ ಕಂಪ್ಯೂಟರ್ ಇತ್ತು.

ಆಸ್ಪತ್ರೆಗಳ ಕಥೆ ಬೇರೆ. ದಕ್ಷಿಣ ಇಂಗ್ಲೆಂಡಿನ ವೆಸೆಕ್ಸ್ ಪ್ರಾದೇಶಿಕ ಆರೋಗ್ಯ ಪ್ರಾಧಿಕಾರದ ಮಹತ್ವಾಕಾಂಕ್ಷೆಯ ಗಣಕೀಕರಣ ಯೋಜನೆ 1990ರಲ್ಲಿ ನಿಂತುಹೋಯಿತು. ಕನಿಷ್ಠ 2 ಕೋಟಿ ಪೌಂಡ್ ಪೋಲಾಯಿತು. 1998ರ ‘ಇನ್ಫರ್ಮೇಶನ್ ಫಾರ್ ಹೆಲ್ತ್’ ನೀತಿ ಏಳು ವರ್ಷಗಳಿಗೆ 100 ಕೋಟಿ ಪೌಂಡ್ ಘೋಷಿಸಿತು. ಆದರೆ ಸ್ಥಳೀಯವಾಗಿ ಆ ಹಣಕ್ಕೆ ಬೇಲಿ ಇರಲಿಲ್ಲ. ತುರ್ತು ಖರ್ಚುಗಳು ಅದನ್ನು ನುಂಗಿದವು. ಇದನ್ನು ಕಂಡೇ, ಆರೋಗ್ಯ ವೆಚ್ಚದ ಪರಾಮರ್ಶೆಗೆ ಸರ್ಕಾರ ನೇಮಿಸಿದ್ದ ಡೆರೆಕ್ ವಾನ್‌ಲೆಸ್ 2002ರ ವರದಿಯಲ್ಲಿ, ಐಟಿ ವೆಚ್ಚವನ್ನು ಇಮ್ಮಡಿಗೊಳಿಸಿ, ಬೇರೆಡೆಗೆ ತಿರುಗಿಸದಂತೆ ಕಾಯ್ದಿಡಬೇಕೆಂದು ಸಲಹೆ ಮಾಡಿದರು.

ಅದೇ ವರ್ಷ ಟೋನಿ ಬ್ಲೇರ್ ಸರ್ಕಾರ ರಾಷ್ಟ್ರೀಯ ಐಟಿ ಕಾರ್ಯಕ್ರಮವನ್ನು ಆರಂಭಿಸಿತು. ಇಂಗ್ಲೆಂಡನ್ನು ಐದು ವಲಯಗಳಾಗಿ ವಿಂಗಡಿಸಿ ಆಕ್ಸೆಂಚರ್, ಬಿಟಿ, ಸಿಎಸ್‌ಸಿ, ಫುಜಿತ್ಸು ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. 2006ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಒಟ್ಟು ವೆಚ್ಚವನ್ನು 1,240 ಕೋಟಿ ಪೌಂಡ್ ಎಂದು ಅಂದಾಜಿಸಿತು. ಈ ಬಾರಿ ಹಣಕ್ಕೆ ಬರವಿರಲಿಲ್ಲ. ಆದರೆ ವೈದ್ಯರ ಮಾತಿಗೆ ಬೆಲೆಯಿರಲಿಲ್ಲ. ಬೇರೆಬೇರೆ ರೀತಿಯಲ್ಲಿ ಕೆಲಸ ಮಾಡುವ ಆಸ್ಪತ್ರೆಗಳ ಮೇಲೆ ವಲಯಕ್ಕೊಂದೇ ತಂತ್ರಾಂಶವನ್ನು ಹೇರಲಾಯಿತು. ಆಕ್ಸೆಂಚರ್ 2006ರಲ್ಲಿ ಹಿಂದೆ ಸರಿಯಿತು, ಫುಜಿತ್ಸು ಗುತ್ತಿಗೆ 2008ರಲ್ಲಿ ಮುರಿದುಬಿತ್ತು, 2011ರಲ್ಲಿ ಕಾರ್ಯಕ್ರಮವನ್ನೇ ವಿಸರ್ಜಿಸಲು ಸರ್ಕಾರ ನಿರ್ಧರಿಸಿತು. ಆದರೂ ಎಲ್ಲವೂ ವ್ಯರ್ಥವಾಗಲಿಲ್ಲ. ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳ ಡಿಜಿಟಲ್ ಸಂಗ್ರಹವೂ ದೇಶದುದ್ದಕ್ಕೂ ಮಾಹಿತಿ ಸಾಗಿಸುವ ‘ಸ್ಪೈನ್’ ಜಾಲವೂ ಉಳಿದವು. ಉದ್ದೇಶ ಸ್ಪಷ್ಟವಿದ್ದು, ಎಲ್ಲರಿಗೂ ಸಮಾನವಾಗಿ ಬೇಕಾದಲ್ಲಿ ಕೇಂದ್ರದ ಹಣ ಸಾರ್ಥಕವಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಮುಂದಿನ ದಶಕ ಉಳಿತಾಯದ್ದು. 2014-15ರಿಂದ 2018-19ರವರೆಗೆ 430 ಕೋಟಿ ಪೌಂಡ್ ಬಂಡವಾಳ ನಿಧಿ ದೈನಂದಿನ ಖರ್ಚಿಗೆ ವರ್ಗವಾಯಿತು. ಕಟ್ಟಡ, ಯಂತ್ರ, ಕಂಪ್ಯೂಟರ್‌ಗಳೆಲ್ಲ ಹಳತಾದವು. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಸೈಬರ್ ದಾಳಿ ಕನಿಷ್ಠ 80 ಎನ್‌ಎಚ್‌ಎಸ್ ಟ್ರಸ್ಟ್‌ಗಳನ್ನು ಬಾಧಿಸಿತು; ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಹಳೆಯ ತಂತ್ರಾಂಶವನ್ನು ಸಕಾಲದಲ್ಲಿ ಸರಿಪಡಿಸದಿದ್ದರೆ ಚಿಕಿತ್ಸೆಯೇ ನಿಲ್ಲುತ್ತದೆಂದು ಆಗ ಸ್ಪಷ್ಟವಾಯಿತು. ಇದಕ್ಕೂ ಮುನ್ನ, 2016ರಲ್ಲೇ, ಅಮೆರಿಕದ ವೈದ್ಯ ರಾಬರ್ಟ್ ವಾಕ್ಟರ್ ನೇತೃತ್ವದ ಸಮಿತಿ ಅವಸರ ಬೇಡವೆಂದೂ, ವೈದ್ಯಕೀಯ ಜ್ಞಾನ, ತಂತ್ರಜ್ಞಾನ ಎರಡೂ ಬಲ್ಲ ಸಿಬ್ಬಂದಿಯನ್ನು ಬೆಳೆಸಬೇಕೆಂದೂ ಎಚ್ಚರಿಸಿತ್ತು.

ಸರ್ಕಾರದ 2025ರ ವೆಚ್ಚ ಪರಾಮರ್ಶೆ ಎನ್‌ಎಚ್‌ಎಸ್ ತಂತ್ರಜ್ಞಾನಕ್ಕೆ 2028-29ರ ಹೊತ್ತಿಗೆ 1,000 ಕೋಟಿ ಪೌಂಡ್‌ವರೆಗೆ ಹೂಡುವುದಾಗಿ ಹೇಳಿದೆ. ಮೊತ್ತ ದೊಡ್ಡದು. ಅದರಲ್ಲಿ ಖರೀದಿಯಷ್ಟೇ ಅಲ್ಲ, ವರ್ಷವರ್ಷದ ನಿರ್ವಹಣೆಗೆ, ತರಬೇತಿಗೆ, ತಂತ್ರಜ್ಞರ ಸಂಬಳಕ್ಕೂ ಕಾಯಂ ಪಾಲಿರಬೇಕು. ಕೊರತೆ ಬಂದಾಗ ಮೊದಲು ಕತ್ತರಿ ಬೀಳುವ ಬಾಬತ್ತು ಇದಾಗಬಾರದು. ರೋಗಿಯ ದಾಖಲೆಯನ್ನು ಚಿಕಿತ್ಸೆಯ ಭಾಗವೆಂದು ಒಪ್ಪಿದ ಮೇಲೆ, ಅದರ ಖರ್ಚನ್ನು ಔಷಧದ ಖರ್ಚಿನಷ್ಟೇ ಅನಿವಾರ್ಯವೆಂದು ಒಪ್ಪಲೇಬೇಕು.